ಬ್ಲೇಡು ಬಿಚ್ಚಿದ ಬೆಳಿಗ್ಗೆ

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ನನ್ನ ಮುದ್ದು ಅಮ್ಮಾ,

ಹೇಗಿದ್ದೀಯ? ಮಾವನ ಕಾಲಿನ ಹೊಲಿಗೆ ಬಿಚ್ಚಿದರಾ? ಅವರನ್ನು ಎತ್ತಿ ಕೂರಿಸುವ ಭರದಲ್ಲಿ ನೀನು ಸೊಂಟ ಹಿಡಿಸಿಕೊಳ್ಳಬೇಡ. ಹೊತ್ತುಹೊತ್ತಿಗೆ ಊಟ ಮಾಡು; ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬಿಸ್ಕತ್ತಿನಲ್ಲೇ ದಿನ ತಳ್ಳುತ್ತಿರುತ್ತೀಯೆಂದು ನನಗೆ ಗೊತ್ತು. ದಿನಾ ಫೋನ್ ಮಾಡುವವಳು ಇವತ್ತೇಕೆ ಕಾಗದ ಬರೆದಳು ಎಂದುಕೊಳ್ಳುತ್ತೀಯೇನೋ. ಫೋನಿನಲ್ಲಿ ಮಾತಾಡುವಾಗ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ.

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಅಡುಗೆಗೆ ಒಂದು ದಿನ ಉಪ್ಪು ಹೆಚ್ಚು, ಒಂದು ದಿನ ಉಪ್ಪೇ ಇಲ್ಲ. ಅಪ್ಪ ತುಟಿಪಿಟಕ್ಕೆನ್ನದೆ ಉಣ್ಣುತ್ತಾರೆ. ಕೆಲಸ ಮಾತ್ರ ಕೈತುಂಬ ಇದೆ. ಶಾಲೆಯ ಮೈದಾನದಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿದೆ. ಗುರುವಾರ ಮಕ್ಕಳ ಆಟೋಟವಂತೆ, ಅಷ್ಟರೊಳಗೆ ಕತ್ತರಿಸಿ ಕೊಡಿ ಎಂದು ಹೆಡ್‌ಮಿಸ್ಸು ಎರಡು ಸಲ ಹೇಳಿಕಳಿಸಿದ್ದಾರೆ.

ಹೋದ ಶನಿವಾರ ಕಾಲುವೆ ಬದಿಯ ಹುಲ್ಲು ಹೊಡೆಯುತ್ತಿದ್ದಾಗ ಟ್ರಾಕ್ಟರಿನ ಹಿಂದೆ ಸಿಕ್ಕಿಸಿದ್ದ ಹುಲ್ಲಿನ ಯಂತ್ರ ಗಡಗಡ ನಡುಗತೊಡಗಿತು. ಹುಲ್ಲನ್ನು ಕತ್ತರಿಸುವುದು ಬಿಟ್ಟು ಕಿತ್ತು ಹರಿಯುತ್ತಿತ್ತು. ನಿಲ್ಲಿಸಿ, ಎತ್ತಿ, ಬಗ್ಗಿ ನೋಡಿದೆ. ಎರಡು ಬ್ಲೇಡುಗಳಲ್ಲಿ ಒಂದು ತಲೆಕೆಳಗಾಗಿ ಕೂತಿತ್ತು. ಇನ್ನೊಂದರ ನಟ್ಟು ನನ್ನ ಬೆರಳಿಗೇ ತಿರುಗಿತು. ಬೆರಳಿಗೆ ಅಮ್ಮಾ! ಅಪ್ಪ ಬಿಗಿದ ನಟ್ಟು ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಇಬ್ಬರು ಜಗ್ಗಿದರೂ ಜಪ್ಪಯ್ಯ ಎನ್ನುತ್ತಿರಲಿಲ್ಲವಲ್ಲ. ಇನ್ನು ಹತ್ತು ಸುತ್ತು ತಿರುಗಿದ್ದರೆ ಮೊಳದುದ್ದದ ಆ ಉಕ್ಕು ಕಳಚಿಕೊಂಡು ಯಾರ ಮೈಮೇಲೆ ಹಾರುತ್ತಿತ್ತೋ. ಅಪ್ಪನನ್ನು ಕರೆದು ತೋರಿಸಿದೆ. "ಯಾವನೇ ಇದನ್ನ ಹಾಕಿದ್ದು? ಅವನ ಕೈಗೆ ಸ್ಪ್ಯಾನರ್ ಕೊಟ್ಟೋರಿಗಾದ್ರೂ ಬುದ್ಧಿ ಬೇಡ್ವಾ?" ಎಂದು ಕೂಗಾಡಿದರು. ಹಿಂದಿನ ದಿನ ಹಾಕಿದ್ದು ಅವರೇ. ಅಡುಗೆಮನೆಯ ಕಿಟಕಿಯಿಂದ ನಾನೇ ನೋಡಿದ್ದೆ. ಎರಡನ್ನೂ ನಾನೇ ಸರಿಯಾಗಿ ಕೂರಿಸಿ ಬಿಗಿದೆ.

ಇವತ್ತು ಬೆಳಿಗ್ಗೆ, ಬ್ಲೇಡು ಬಿಚ್ಚಿ ಸಾಣೆ ಹಿಡಿಯೋಣ ಎಂದು ಅಪ್ಪನೇ ಹೊರಟರು. ಶೆಡ್ಡಿನಲ್ಲಿ ಯಂತ್ರವನ್ನು ಎತ್ತಿ ಅಡಿಗೆ ನಾಲ್ಕು ಮರದ ದಿಮ್ಮಿ ಕೊಟ್ಟೆವು. ಟ್ರಾಕ್ಟರಿನಿಂದ ಯಂತ್ರಕ್ಕೆ ಬಂದು ಬ್ಲೇಡು ತಿರುಗಿಸುವ ಶಾಫ್ಟನ್ನು ನಾನು ಕಳಚಿ ಪಕ್ಕಕ್ಕಿಟ್ಟೆ. "ದಿಮ್ಮಿ ಇದ್ಯಲ್ಲ, ಅದನ್ಯಾಕೆ ಬಿಚ್ತೀಯೇ ಹೆದರುಪುಕ್ಕಲಿ?" ಎಂದು ನಕ್ಕರು. ಶಾಫ್ಟು ಕಳಚದೆ ಕೆಳಗೆ ಕೈ ಹಾಕಿದರೆ ಮನೆಯೊಳಗೆ ಸೇರಿಸುವುದಿಲ್ಲ ಎಂದು ನನಗೆ ಗದರಿಸಿ ಕಲಿಸಿದ್ದು ಇದೇ ಅಪ್ಪ. ಅಂಗಾತ ಮಲಗಿ ಒಳಗೆ ತೂರಿದೆ. ಬ್ಲೇಡು ತಿರುಗದಂತೆ ಮರದ ತುಂಡು ಸಿಕ್ಕಿಸಿ, ಮೆತ್ತಿಕೊಂಡಿದ್ದ ಹುಲ್ಲನ್ನು ಕೆರೆದು, ನಟ್ಟಿಗೆ ಎಣ್ಣೆ ಬಿಟ್ಟೆ. "ದೊಡ್ಡ ಸ್ಪ್ಯಾನರ್ ತರ್ತೀನಿ, ಇರು" ಎಂದು ಅಪ್ಪ ಹೋದರು. ಚಪ್ಪಲಿಯ ಸದ್ದು ದೂರವಾಯಿತು, ಮತ್ತೆ ಹತ್ತಿರ ಬಂತು, ಟ್ರಾಕ್ಟರಿನ ಮೆಟ್ಟಿಲು ಹತ್ತಿತು. ನನ್ನ ಎಡಗೈ ಇನ್ನೂ ಬ್ಲೇಡಿನ ಮೇಲೆಯೇ ಇತ್ತು. ಎಂಜಿನ್ ಸ್ಟಾರ್ಟ್ ಆಯಿತು. ಯಂತ್ರ ತಿರುಗಿಸುವ ಲಿವರನ್ನೂ ಎಳೆದರು. ಟ್ರಾಕ್ಟರಿನ ಹಿಂಬದಿಯಲ್ಲಿ ಶಾಫ್ಟು ಕೂರುವ ಜಾಗ ಖಾಲಿಯಾಗಿ ಗಿರಗಿರನೆ ತಿರುಗುವುದು ನನಗೆ ಕಾಣುತ್ತಿತ್ತು. ಗಂಟಲು ಹರಿಯುವಂತೆ ಕಿರುಚಿದೆ.

ನನಗೊಂದು ಗೀರೂ ಆಗಿಲ್ಲ, ಗಾಬರಿಯಾಗಬೇಡ. ಆಮೇಲೆ ನಾನೊಬ್ಬಳೇ ಬಿಚ್ಚಿ, ಬೋಲ್ಟಿನ ತೂತಿನ ಸುತ್ತ ಬಿರುಕಿದೆಯೇ ಎಂದು ಒರೆಸಿ ನೋಡಿ, ಅಂಚು ಹರಿತ ಮಾಡಿ, ಎರಡೂ ಸಮತೂಕವೆಂದು ತಕ್ಕಡಿಯಲ್ಲಿಟ್ಟು ನೋಡಿ ಮತ್ತೆ ಬಿಗಿದೆ. ಅಪ್ಪ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ತಮ್ಮ ಅಂಗೈಗಳನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ಮಾವನಿಗೆ ನಮಸ್ಕಾರ ಹೇಳು. ಬೇಗ ಎದ್ದು ಓಡಾಡಲಿ, ನನ್ನನ್ನು ಮೊದಲಿನಂತೆ ರೇಗಿಸಲಿ.

ನಿನ್ನ ಬಾಯಿಬಡುಕಿ ಮಗಳು

ತಾ.ಕ.: ಪಕ್ಕದ ಮನೆಯ ಬಸ್ ಡ್ರೈವರ್ ಆ ಕಡೆಗೇ ಹೊರಟಿದ್ದಾರೆ, ಅವರ ಕೈಯಲ್ಲೇ ಇದನ್ನು ಕೊಡುತ್ತಿದ್ದೇನೆ. ಕವರಿನ ತಳದಲ್ಲಿ ಗಟ್ಟಿಯಾಗಿ ಸಿಗುವುದು ಟ್ರಾಕ್ಟರಿನ ಕೀ. ಇರುವುದು ಅದೊಂದೇ, ನಿನ್ನ ಹತ್ತಿರವೇ ಇರಲಿ. ಬೇರೆಯವರನ್ನು ನೋಡಿಕೊಳ್ಳಿ ಎಂದು ಶಾಲೆಗೆ ಹೇಳಿ ಬರುತ್ತೇನೆ. ಮೇಲೆ ಒಂದು ಮಾತು ಬರೆಯಲು ಕೈ ಬರಲಿಲ್ಲ. ನಾನು ಕಿರುಚಿದ ಮೇಲೆ ಅಪ್ಪ ಎಂಜಿನ್ ಆರಿಸಿ ಇಳಿದು ಬಂದರು. ಬಗ್ಗಿ ನನ್ನ ಮುಖ ನೋಡಿ, ತುಂಬ ಮರ್ಯಾದೆಯಿಂದ, "ಯಾರಮ್ಮಾ ನೀವು? ಇಲ್ಲಿ ನನ್ನ ಮಗಳಿದ್ಲು, ನೋಡಿದ್ರಾ?" ಎಂದು ಕೇಳಿದರು. ಮಾವನನ್ನು ನರ್ಸಿಗೆ ಒಪ್ಪಿಸಿ ನಾಳೆಯೇ ಹೊರಡಮ್ಮಾ. ಅಪ್ಪ ಕೀ ಹುಡುಕುತ್ತ ಎರಡು ಸಲ ಈ ಕೋಣೆಗೆ ಬಂದು ಹೋದರು. ಈಗ ಮತ್ತೆ ಬಾಗಿಲಲ್ಲಿ ನಿಂತಿದ್ದಾರೆ. ನಗುತ್ತಿದ್ದಾರೆ, ನನ್ನ ಗುರುತು ಸಿಕ್ಕಿದೆಯೋ ಇಲ್ಲವೋ, ತಿಳಿಯುತ್ತಿಲ್ಲ.