ಚೀಲದ ಕೋಣ್ಯಾಗಿನ ಮರಿಗಳು

ಶ್ರದ್ಧಾನ ಅಪ್ಪಾರಿಗೆ,

ಅನ್ನ, ಸಾರು ಮುಚ್ಚಿಟ್ಟೇನಿ. ಬಿಸಿ ಮಾಡಿಕೊಂಡು ಊಟ ಮಾಡ್ರಿ.

ಕೂಸು ನೋಡಿ ನಗಲಿ ಅಂತ ನೀವು ತಂದ ಬಾತುಕೋಳಿ ಮರಿಯೊಳಗ ಇನ್ನೊಂದು ಸತ್ತೈತಿ. ಬೇವಿನ ಗಿಡದ ಬುಡಕ ಹುಗದೇನಿ. ಉಳಿದ ಎರಡು ಹಿತ್ತಲದಾಗ ಬುಟ್ಟಿ ಕೆಳಗ ಅದಾವು. ತಿರುಗಿ ಒಳಗ ತರಬ್ಯಾಡ್ರಿ. ಬೆಕ್ಕು ಬರತೈತಿ, ಬುಟ್ಟಿ ಮ್ಯಾಲೆ ಕಲ್ಲು ಹೇರ್ರಿ. ನೀರು ತಾಟಿನ್ಯಾಗ ಬ್ಯಾಡ, ಬೋಗಾಣ್ಯಾಗ ಇಡ್ರಿ. ಮೂಗು ಮುಳುಗೋವಷ್ಟು ನೀರಿದ್ರ ಮೂಗು, ಕಣ್ಣು ತಾವ ತೊಳಕೋತಾವು.

ದನದ ಡಾಕ್ಟರ್ ಕೊಟ್ಟ ಔಷಧ ಹಾಕಬ್ಯಾಡ್ರಿ. ಅವಕ್ಕ ನೆಗಡಿ ಆಗಿದ್ದಿಲ್ಲ. ರೇಟ್ ಏರಲಿ ಅಂತ ನೀವು ಮೆಣಸಿನಕಾಯಿ ಚೀಲ ಒಟ್ಟಿದ ಕೋಣ್ಯಾಗ ಅವನ್ನ ಇಟ್ಟಿದ್ವಿ, ಘಾಟಿಗೆ ಸೀನತಿದ್ವು. ಹೊರಗಿಟ್ಟ ಮ್ಯಾಲೆ ಸೀನೂದು ನಿಂತೈತಿ, ಅಂಟಿದ ಕಣ್ಣು ಬಿಟ್ಟಾವು. ಬ್ಯಾಡಗಿಯಾಗ ಹುಟ್ಟಿ ಬೆಳದ ನಮ್ಮ ಮೂಗಿಗೆ ಆ ಘಾಟು ಗೊತ್ತ ಆಗಲಿಲ್ಲ.

ಶ್ರದ್ಧಾನ ತೊಟ್ಟಿಲಾನೂ ಅದ ಕೋಣ್ಯಾಗ ಐತಿ. ಕೆಮ್ಮು ಅಂತ ರಾಣೆಬೆನ್ನೂರಿಗೆ ಎಷ್ಟು ಸಲ ಹೊತಗೊಂಡು ಓಡಿದ್ವಿ. ಮನ್ಯಾಗ ಧೂಳೇನರ ಐತೇನು ಅಂತ ಡಾಕ್ಟರ್ ಕೇಳಿದಾಗ, ಏನೂ ಇಲ್ಲರಿ ಅಂದ್ರಿ. ನಾನೂ ಹೌದಂದೆ. ಇವತ್ತ ಮರಿ ಕಣ್ಣು ಬಿಟ್ಟಿದ್ದು ನೋಡಿ ಕೂಸಿನ ಕಡೆ ನೋಡಿದೆ. ಆಗಿಂದಾಗ ಎತ್ತಿಕೊಂಡು ಹೊರಗ ಬಂದೆ.

ಕೂಸನ್ನ ಕರಕೊಂಡು ಹಲಗೇರಿಗೆ ಅವ್ವನ ಮನಿಗೆ ಹೊಂಟೇನಿ. ಸಿಟ್ಟಿಲೆ ಅಲ್ಲ. ಚೀಲ ಎಲ್ಲಾ ಮನಿ ಬಿಟ್ಟು ಹೋದ ಮ್ಯಾಲೆ ಫೋನ್ ಮಾಡ್ರಿ.

ಅಲ್ಲಿ ಅಕಿ ಕೆಮ್ಮು ನಿಲ್ಲಲಿ ಅಂತ ಮೈಲಾರಲಿಂಗಗ ಹರಕಿ ಹೊತ್ತೇನಿ. ನಿಂತರ ನಾವಿಬ್ಬರೂ ಒಬ್ಬರ ಮಾರಿ ಒಬ್ಬರು ಹೆಂಗ ನೋಡೂದು ಅನ್ನೂದು ತಿಳೀವಲ್ದು.

ನಿರ್ಮಲಾ