ಶಿವರುದ್ರಮ್ಮನ ಮಗಳ ವ್ಯಾನು

ವಾಹನಗಳಿಗೆ ನಂಬರು ಕೊಡುವ ಮಾನ್ಯರೇ,

ನಮ್ಮ ಹಂದನಕೆರೆಯ ಶಿವರುದ್ರಮ್ಮ ಸುಳ್ಳು ಹೇಳಿದಳೆಂದು ನಿಮ್ಮ ಕಡತದಲ್ಲಿ ಬರೆಸಿದ್ದೀರಿ. ಏಕವಚನವೂ ನಿಮ್ಮದೇ. ಆ ಒಂದು ಸಾಲಿನಿಂದ ಒಂದು ವ್ಯಾನು ನಿಂತಲ್ಲೇ ನಿಂತಿತು, ಅದರ ಒಡತಿ ದೇಶ ಬಿಡಬೇಕಾಯಿತು, ನಡೆಯಲು ಕಲಿತಿದ್ದ ಒಂದು ಮಗು ಮತ್ತೆ ನೆಲ ಹಿಡಿಯಿತು. ನಿಮಗೆ ಬರೆದ ಕಾಗದಗಳಿಗೆ ಉತ್ತರ ಬರಲಿಲ್ಲ. ಆದ್ದರಿಂದ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಶಿವರುದ್ರಮ್ಮನವರಿಗೆ ನೆಂಟನಲ್ಲ, ಅದೇ ಬೀದಿಯವನು. ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ತಿಪಟೂರು ಬಸ್ ನಿಲ್ದಾಣದಲ್ಲಿ ಗೋಣಿಚೀಲದ ಮೇಲೆ ಹರಡಿ ಮಾರುವ ಕಿರುಹೊತ್ತಗೆಗಳೇ ನನ್ನ ವಿದ್ಯೆ. ಪ್ರಜೆಯೇ ಪ್ರಭು, ಅಧಿಕಾರಿ ಸೇವಕ ಎಂದು ಅವುಗಳಲ್ಲಿ ಅಚ್ಚಾಗಿತ್ತು. ತುರ್ತು ಪರಿಸ್ಥಿತಿ ಮುಗಿದ ಮೇಲೆ ಆ ಮಾತನ್ನು ಇನ್ನಷ್ಟು ನಂಬಿದೆ. ನಿಮ್ಮ ಕಚೇರಿಗೆ ಬಂದ ದಿನ ಪ್ರಭುಗಳೆಲ್ಲ ಹೊರಗೆ ಬಿಸಿಲಲ್ಲಿ ನಿಂತಿದ್ದರು, ಸೇವಕರು ಒಳಗೆ ಫ್ಯಾನಿನ ಕೆಳಗಿದ್ದರು. ಹೊತ್ತಗೆ ಬರೆದವರು ಯಾವ ವಾಹನವನ್ನೂ ನೋಂದಾಯಿಸಿದವರಲ್ಲ ಎಂದು ಕಾಣುತ್ತದೆ.

ಆ ವ್ಯಾನಿನ ಒಡತಿ ಎಲ್ಸಮ್ಮ ಡೆನ್ಮಾರ್ಕಿನವರು. ಪೋಲಿಯೋ ಬಡಿದ ಮಕ್ಕಳ ಕಾಲು ನೀವಿ, ವ್ಯಾಯಾಮ ಮಾಡಿಸಿ, ಕಬ್ಬಿಣದ ಪಟ್ಟಿ ಕಟ್ಟಿ ನಿಲ್ಲಿಸುವುದು ಅವರ ಕೆಲಸ. ಆರು ವರ್ಷದ ಹಿಂದೆ ಬಂದು ಶಿವರುದ್ರಮ್ಮನವರ ಮನೆಯಲ್ಲಿ, ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿ ಚಾಪೆ ಹಾಸಿದರು. ಶಿವರುದ್ರಮ್ಮನವರ ಮೊಮ್ಮಗಳು ಗಿರಿಜಾಂಬಿಕಾ ಆಗ ಜ್ವರದಿಂದೆದ್ದ ಕೂಸು. ಎರಡು ಕಾಲೂ ಬತ್ತಿಹೋಗಿದ್ದವು. ಇನ್ನು ಇವಳು ತೆವಳುವವಳೇ ಎಂದು ನಾವೆಲ್ಲ ಒಪ್ಪಿಕೊಂಡಿದ್ದೆವು. ಎಲ್ಸಮ್ಮ ಒಪ್ಪಲಿಲ್ಲ. ದಿನವೂ ಹೊಂಗೆ ನೆರಳಲ್ಲಿ ಕೂರಿಸಿಕೊಂಡು ಆ ಕಾಲುಗಳ ಹತ್ತಿರ ಮಾತಾಡುವಂತೆ ನೀವುತ್ತಿದ್ದರು. ಕೊನೆಗೊಂದು ದಿನ ಆ ಹುಡುಗಿ ಬೆಂಗಳೂರಲ್ಲಿ ಮಾಡಿಸಿದ ಪಟ್ಟಿ ಬೂಟು ತೊಟ್ಟು, ಪಡಸಾಲೆಯಿಂದ ಹಿತ್ತಿಲ ಬಾವಿಯವರೆಗೆ ಟಕ್ ಟಕ್ ಎಂದು ನಡೆದುಹೋದಳು. ಶಿವರುದ್ರಮ್ಮನವರು ಕೈಲಿದ್ದ ಬಿಂದಿಗೆ ಬಿಟ್ಟುಬಿಟ್ಟರು.

ಮಕ್ಕಳ ಕಾಲು ಬೆಳೆಯುತ್ತದೆ, ಕಬ್ಬಿಣ ಬೆಳೆಯುವುದಿಲ್ಲ. ಪಟ್ಟಿಯನ್ನು ಮತ್ತೆ ಮತ್ತೆ ಅಳೆದು ಮಾಡಿಸಬೇಕು. ಸುತ್ತಿನ ಹಳ್ಳಿಗಳ ಇಂಥ ಮಕ್ಕಳನ್ನೆಲ್ಲ ಬಸ್ಸಿನಲ್ಲಿ ಹೊತ್ತೊಯ್ಯುವುದು ಆಗದ ಮಾತೆಂದು ಎಲ್ಸಮ್ಮನ ಊರಿನವರು ಚಂದಾ ಎತ್ತಿ ಹಡಗಿನಲ್ಲಿ ವ್ಯಾನು ಕಳುಹಿಸಿದರು. ಮದ್ರಾಸಿನಲ್ಲಿ ಸುಂಕದ ಕೆಲಸ ಮುಗಿಸಿ, ತಾತ್ಕಾಲಿಕ ನಂಬರಿನಲ್ಲಿ ಅದು ಊರಿಗೆ ಬಂತು. ಸ್ಟೀರಿಂಗು ಎಡಗಡೆ. ಮರದ ಮೇಲೆ ಕಾಯಿ ಕೀಳುತ್ತಿದ್ದ ಈರಣ್ಣ ಅಲ್ಲಿಂದಲೇ ಕೂಗಿಕೊಂಡ: "ಡ್ರೈವರೇ ಇಲ್ದೆ ಬತ್ತೈತೆ ಕಣ್ರಲಾ ಗಾಡಿ! ದಾರಿ ಬುಡ್ರಲಾ!" ಆ ದಿನ ಊರು ನಕ್ಕಷ್ಟು ಮತ್ತೆ ನಕ್ಕಿಲ್ಲ.

ಆಮೇಲೆ ನಿಮ್ಮ ಸರದಿ. ವಿಮೆ ಇಲ್ಲದೆ ನಂಬರಿಲ್ಲ ಎಂದಿರಿ. ವಿಮೆಯವರು ನಂಬರಿಲ್ಲದೆ ವಿಮೆಯಿಲ್ಲ ಎಂದರು. ಪರದೇಶದ ಹೆಂಗಸು ನಾಳೆ ಯಾರಿಗೋ ಗುದ್ದಿ ವಿಮಾನ ಹತ್ತಿದರೆ ಹೊಣೆ ಯಾರು ಎಂದೂ ಕೇಳಿದರು. ಅಷ್ಟು ವರ್ಷದಲ್ಲಿ ಚಿಕ್ಕನಾಯಕನಹಳ್ಳಿಯ ಆಚೆಗೆ ಅಪರೂಪಕ್ಕೆ ಹೋದವರು ಗುದ್ದುವುದಕ್ಕೆಂದೇ ಇಲ್ಲಿ ಕಾದು ಕುಳಿತಿದ್ದರೇ? ನಮ್ಮಲ್ಲಿ ಅಟ್ಟದ ಮೇಲೆ ವರ್ಷ ಮಲಗಿದ ಕಾಯಿ ಕೊಬ್ಬರಿಯಾಗಿ ಇಳಿಯುತ್ತದೆ. ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನುತ್ತದೆ, ಸಿದ್ಧವಾಗಿದೆ ಎಂದು ಗೊತ್ತಾಗುತ್ತದೆ. ನಿಮ್ಮಲ್ಲಿ ವರ್ಷ ಮಲಗಿದ ಅರ್ಜಿಯನ್ನು ಎಷ್ಟು ಅಲ್ಲಾಡಿಸಿದರೂ ಸದ್ದಿಲ್ಲ. ಕೊನೆಗೆ, ಈಕೆ ಇಲ್ಲಿ ನೆಲೆಸಿದವಳೆಂದು ಹೇಳುವ ಇಬ್ಬರು ಸ್ಥಳೀಯರನ್ನು ತನ್ನಿ, ನೋಡೋಣ ಎಂದಿರಿ.

ಶಿವರುದ್ರಮ್ಮನವರೂ ಈರಣ್ಣನೂ ಬಂದರು. ನಾನು ಅವರ ಹಿಂದೆ ನಿಂತಿದ್ದೆ. ನಿಮಗೆ ಮರೆತಿದ್ದರೆ ನೆನಪಿಸುತ್ತೇನೆ.

"ಇವರು ನಿಮಗೆ ಏನಾಗಬೇಕು?" ಎಂದು ಕೇಳಿದಿರಿ.

"ಮಗ್ಳು ಕಣಪ್ಪ," ಎಂದರು ಶಿವರುದ್ರಮ್ಮನವರು.

"ಸಾಕುಮಗಳೋ?"

"ಸಾಕ್ದೋಳು ಅವ್ಳು. ಸಾಕಿಸ್ಕೊಂಡೋಳು ನಾನು."

"ಅಜ್ಜಿ, ಸರಿಯಾಗಿ ಹೇಳಿ. ಯಾವ ದೇಶದವರು?"

"ನಮ್ಮನೆಯೋಳು ಅಂದ್ನಲ್ಲಪ್ಪ. ಇನ್ಯಾವ ದೇಸ?"

ಈರಣ್ಣ ಮೆಲ್ಲಗೆ ತಿವಿದ. "ಅಕ್ಕೋ, ಪರದೇಸ ಅನ್ನು. ಬರ್ಕೊಳ್ಳಾಕೆ ಬೇಕಂತೆ."

"ಸುಮ್ಕಿರ್ಲಾ ಈರ! ಮಡ್ಲು ತುಂಬಿದ್ ಮಗ್ಳ ಹೊರಗ್ನೋಳು ಅನ್ನಾಕೆ ನನ್ ನಾಲ್ಗೆ ಬಿದ್ದೋಗಿಲ್ಲ!"

ಮಾನ್ಯರೇ, ನಮ್ಮ ಕಡೆ ಮನೆಮಗಳು ದೂರ ಹೊರಟಾಗ ತಾಯಿ ಅವಳ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಗಿಟುಕು, ಕುಪ್ಪಸದ ಕಣ ಹಾಕಿ ಕಳುಹಿಸುತ್ತಾಳೆ. ನಿಮ್ಮ ತಾಯಿಯೂ ನಿಮ್ಮ ಅಕ್ಕತಂಗಿಯರಿಗೆ ಹಾಕಿರಬೇಕು. ಎಲ್ಸಮ್ಮ ಹಿಂದೊಮ್ಮೆ ರಜಕ್ಕೆ ತಮ್ಮ ದೇಶಕ್ಕೆ ಹೊರಟಾಗ ಶಿವರುದ್ರಮ್ಮನವರು ಹಾಗೆ ಮಡಿಲು ತುಂಬಿದ್ದರು. ಮದುವೆಯಾಗದವಳಿಗೆ ಮಡಿಲಕ್ಕಿಯೇ ಎಂದು ಪಕ್ಕದ ಮನೆಯವರು ಮೂಗು ಮುರಿದಾಗ, "ಮಗ್ಳು ಸಮುದ್ರ ದಾಟ್ತಾವ್ಳೆ ಕಣೇ, ಬರಿಮಡ್ಲಲ್ಲಿ ಕಳಿಸ್ಲಾ?" ಎಂದಿದ್ದರು. ಒಮ್ಮೆ ಮಡಿಲು ತುಂಬಿದ ಮೇಲೆ ಆಕೆ ಮಗಳಲ್ಲ ಎನ್ನುವುದೇ ನಮ್ಮಲ್ಲಿ ಸುಳ್ಳು ಸಾಕ್ಷಿ. ಎಲ್ಸಮ್ಮ ಮಾತ್ರ ಗಾಬರಿಯಿಂದ, "ನಾನು ಡೆನ್ಮಾರ್ಕಿನವಳು ಸಾರ್, ಪಾಸ್‌ಪೋರ್ಟ್ ಕೊಟ್ಟಿದ್ದೇನೆ," ಎಂದರು. ಅದು ನಿಮ್ಮ ಮೊಣಕೈ ಕೆಳಗೇ ಇತ್ತು. ಮೇಜಿನ ಮೇಲೆ ತೆರೆದಿಟ್ಟದ್ದನ್ನು ಮರೆಮಾಚಲು ಒಬ್ಬ ಮುದುಕಿಯನ್ನು ಬಸ್ಸು ಹತ್ತಿಸಿ ಯಾರಾದರೂ ಕರೆತರುತ್ತಾರೆಯೇ? ಆದರೂ ನೀವು ಬರೆಸಿದಿರಿ: ಅರ್ಜಿದಾರಳು ತನ್ನ ರಾಷ್ಟ್ರೀಯತೆ ಮರೆಮಾಚಲು ಶಿವರುದ್ರಮ್ಮ ಎಂಬವಳಿಂದ ಸುಳ್ಳು ಸಾಕ್ಷಿ ಹೇಳಿಸಿದ್ದಾಳೆ.

ಅದರ ಪ್ರತಿ ಪೊಲೀಸರಿಗೆ ಹೋಯಿತು. ಎಲ್ಸಮ್ಮನ ವಾಸದ ಪರವಾನಗಿ ಮುಂದುವರಿಯಲಿಲ್ಲ.

ಹೊರಡುವ ಬೆಳಿಗ್ಗೆ ಮೊರದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ಎಲ್ಲ ಸಿದ್ಧವಿತ್ತು. ಶಿವರುದ್ರಮ್ಮನವರು ಒಲೆಯ ಮುಂದೆ ಗೋಡೆಗೆ ಮುಖ ಮಾಡಿ ಕುಳಿತುಬಿಟ್ಟರು. "ನನ್ ಬಾಯಿಂದ್ಲೇ ಮಗೀಗೆ ಊರು ತಪ್ಪೋಯ್ತು. ಸುಳ್ಳುಗಾತಿ ಕೈಯಕ್ಕಿ ಯಾಕಪ್ಪಾ ಅವ್ಳಿಗೆ?" ಎಂದರು. ಎಲ್ಸಮ್ಮ ಬಾಗಿಲಲ್ಲಿ ಸೆರಗೊಡ್ಡಿ ನಿಂತರು. "ಅವ್ವ, ಮಡ್ಲು ತುಂಬವ್ವ," ಎಂದು ನಮ್ಮ ಮಾತಿನಲ್ಲೇ ಬೇಡಿಕೊಂಡರು. ಬಸ್ಸು ಹಾರನ್ನು ಹೊಡೆಯಿತು. ಶಿವರುದ್ರಮ್ಮನವರು ಏಳಲಿಲ್ಲ. ಎಲ್ಸಮ್ಮ ಖಾಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದರು. ಈರಣ್ಣ ಓಡಿಹೋಗಿ ಬಸ್ಸಿನ ಕಿಟಕಿಯಲ್ಲಿ ಒಂದು ಕಾಯಿ ಕೊಟ್ಟ. ಅದು ಮಡಿಲಕ್ಕಿಯಾಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು.

ಈಗ ವ್ಯಾನು ಹುಣಿಸೆಮರದ ಕೆಳಗಿದೆ. ಗಿರಿಜಾಂಬಿಕಾಳ ಕಾಲು ಉದ್ದವಾಗಿದೆ, ಪಟ್ಟಿ ಗಿಡ್ಡವಾಗಿದೆ. ಬಸ್ಸಿಲ್ಲವೇ ಎಂದು ಕೇಳುತ್ತೀರಿ. ಬಸ್ಸಿನಲ್ಲೇ ಬೆಂಗಳೂರಿನ ಆಸ್ಪತ್ರೆಗೆ ಹೊತ್ತೊಯ್ದೆ. ಮಂಡಿ ಬಿಗಿದುಹೋಗಿದೆ, ದಿನವೂ ನೀವಿ ಬಿಡಿಸುವ ಕೈ ಬೇಕು, ಆಮೇಲೆ ಪಟ್ಟಿಯ ಮಾತು ಎಂದು ಹೇಳಿ ಕಳುಹಿಸಿದರು. ಆ ಕೈಯನ್ನು ನೀವು ಸಮುದ್ರ ದಾಟಿಸಿದ್ದೀರಿ. ಹುಡುಗಿಯನ್ನು ಎತ್ತಿ ವ್ಯಾನಿನಲ್ಲಿ ಕೂರಿಸಿದರೆ ಸಂಜೆಯವರೆಗೂ ಕೂರುತ್ತಾಳೆ. "ಇಳಿತೀಯೇನವ್ವ?" ಎಂದು ಕೇಳಿದೆ. "ಎಲ್ಸತ್ತೆ ಬಂದು ಇಳಿಸ್ತಾರೆ. ನೀನ್ ಹೋಗಣ್ಣ," ಎಂದಳು.

ಎಲ್ಸಮ್ಮ ಮತ್ತೆ ಬರಲು ಅರ್ಜಿ ಹಾಕಿದ್ದಾರೆ. ಸುಳ್ಳು ಸಾಕ್ಷಿಯ ಆ ಸಾಲು ಇರುವವರೆಗೆ ವೀಸಾ ಇಲ್ಲವೆಂದು ಉತ್ತರ ಬಂದಿದೆಯಂತೆ. ಆದ್ದರಿಂದ ಇಂದು ನಾನು ನಂಬರು ಕೇಳುವುದಿಲ್ಲ, ವಿಮೆ ಕೇಳುವುದಿಲ್ಲ. ಆ ಸಾಲನ್ನು ಹೊಡೆದುಹಾಕಿ. ಹೊಡೆದುಹಾಕಿದ ಮೇಲೆ ಹಂದನಕೆರೆಗೆ ಬಂದು, ಶಿವರುದ್ರಮ್ಮನವರ ಒಲೆಯ ಮುಂದೆ ನಿಂತು, "ಅವ್ವ, ನೀನು ಹೇಳಿದ್ದು ನಿಜ" ಎಂದು ನಿಮ್ಮ ಬಾಯಿಂದಲೇ ಹೇಳಿ. ನಮ್ಮ ಮಾತನ್ನು ಅವರು ನಂಬುತ್ತಿಲ್ಲ. ಸರ್ಕಾರ ಬರೆದದ್ದು ಸುಳ್ಳಿರಲಾರದು ಎನ್ನುತ್ತಾರೆ. ನಿಮ್ಮನ್ನು ಅಷ್ಟು ನಂಬುವವರು ಈ ಜಿಲ್ಲೆಯಲ್ಲಿ ಅವರೊಬ್ಬರೇ ಉಳಿದಿರುವುದು.

ಇಂತಿ,
ಎಲ್ಸಮ್ಮನ ತಮ್ಮ,
ಏಕಾಂತಯ್ಯ, ಹಂದನಕೆರೆ.
ಇದನ್ನೂ ಸುಳ್ಳೆಂದು ಬರೆದುಕೊಳ್ಳಿ.