ಎಡಗಾಲಿನ ನಕ್ಷೆ

ಹೆಣ್ಣುಮಕ್ಕಳ ಹಾಸ್ಟೆಲ್, ಮೇಲಿನ ಮಹಡಿ
ಜೂನ್ 12, ಶುಕ್ರವಾರ

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿ ರಬ್ಬರ್ ಮಾಡುವ ನಮಸ್ಕಾರಗಳು. ಇಲ್ಲಿ ನಾನು ಕ್ಷೇಮ ಎಂದು ಬರೆಯುವುದು ರೂಢಿ, ಬರೆದಿದ್ದೇನೆ. ನಂಬುವುದು ಬಿಡುವುದು ನಿನಗೆ ಸೇರಿದ್ದು. ಇಷ್ಟು ದಿನ ಕಾಗದ ಹಾಕದೇ ಇದ್ದದ್ದಕ್ಕೆ ಕ್ಷಮಿಸು. ಮೊದಲು ಪರೀಕ್ಷೆಯಿತ್ತು, ಆಮೇಲೆ ಜ್ವರವಿತ್ತು, ಆಮೇಲೆ ಏನೂ ಇರಲಿಲ್ಲ, ಆದರೂ ಬರೆಯಲಿಲ್ಲ. ಫೋನ್ ಮಾಡಿದರೆ ಅಮ್ಮ ಎತ್ತುತ್ತಾಳೆ, "ಅವನು ಮಲಗಿದಾನೆ ಕಣೇ" ಎನ್ನುತ್ತಾಳೆ. ಇಳಿಹೊತ್ತಿನಲ್ಲಿ ಮಲಗುವ ಆಸಾಮಿ ನೀನಲ್ಲ ಎಂದು ನನಗೆ ಗೊತ್ತಿಲ್ಲವೇ? ಅದಕ್ಕೇ ಹಳೆಯ ದಾರಿ ಹಿಡಿದೆ. ಮೊದಲ ವರ್ಷ ಡ್ರಾಯಿಂಗ್ ಶೀಟುಗಳನ್ನು ಸುತ್ತಿ ನಿನಗೆ ಅಂಚೆಯಲ್ಲಿ ಕಳಿಸುತ್ತಿದ್ದೆನಲ್ಲ, ನೀನು ಕೆಂಪು ಪೆನ್ಸಿಲ್ಲಿನಲ್ಲಿ ತಿದ್ದಿ ವಾಪಸು ಹಾಕುತ್ತಿದ್ದೆಯಲ್ಲ, ಹಾಗೆ. ಪ್ರತಿ ಹಾಳೆಯ ಮೂಲೆಯಲ್ಲೂ ನಿನ್ನದೊಂದು ಬೈಗುಳ ಇರುತ್ತಿತ್ತು: "ಮೊದಲು ಗುರುತು, ಆಮೇಲೆ ಗೆರೆ, ಮಂಗ!"

ಫಲಿತಾಂಶ ಬಂತು. ಪ್ರಾಜೆಕ್ಟಿನಲ್ಲಿ ಇಡೀ ವಿಭಾಗಕ್ಕೆ ನಮ್ಮ ತಂಡದ್ದೇ ಹೆಚ್ಚಿನ ಅಂಕ. ಮತ್ತೆ ಮತ್ತೆ ಕೂತು ಬರೆದ ಥರ್ಮೊಡೈನಾಮಿಕ್ಸ್ ಕೂಡ ಅಂತೂ ಇಂತೂ ದಡ ಸೇರಿತು. ಪ್ರಾಜೆಕ್ಟಿನಲ್ಲೂ ಹೋಗಿದ್ದರೆ ನನ್ನನ್ನು ಕೋರ್ಸಿನಿಂದಲೇ ತೆಗೆಯುತ್ತಿದ್ದರು. ಅದನ್ನು ಮನೆಯಲ್ಲಿ ನಿನಗೊಬ್ಬನಿಗೇ ಹೇಳಿದ್ದೆ. ಹಾಗಾಗಿ ಈಗ ನಾನು ಮೆಕ್ಯಾನಿಕಲ್ ಇಂಜಿನಿಯರ್. ಎಷ್ಟು ಸಂತೋಷವಾಗಿದೆಯೆಂದರೆ, ಮಂಚದಿಂದ ಏಳಬೇಕೆಂದೇ ಅನಿಸುತ್ತಿಲ್ಲ.

ಕಂಪನಿಯವರು ಬಂದು ಹೋದರು. ಒಬ್ಬ ಮಹಾಶಯ ನನ್ನ ಅಂಕಗಳನ್ನು ನೋಡಲೇ ಇಲ್ಲ. "ವರ್ಕ್‌ಶಾಪಿನಲ್ಲಿ ದಿನವಿಡೀ ನಿಂತುಕೊಂಡಿರಬೇಕಾಗುತ್ತೆ. ಆಗುತ್ತಾ ನಿಮ್ಮ ಕೈಲಿ?" ಎಂದ. ಆ ಮಾತು ಕೇಳಿದ್ದೇ ನನಗೆ ನಿನ್ನ ನೆನಪಾಯಿತು. ಸೀಟಿಗೆಂದು ಬಂದ ನಿನಗೂ ಇದೇ ಕಾಲೇಜಿನ ಮೆಟ್ಟಿಲ ಮೇಲೆ ಇದನ್ನೇ ಕೇಳಿದ್ದರಲ್ಲವೇ? "ರ‍್ಯಾಂಕೇನೋ ಚೆನ್ನಾಗಿದೆ, ಆದ್ರೆ ಲೇತ್ ಮುಂದೆ ನಿಲ್ಲೋಕಾಗಲ್ವಲ್ಲಪ್ಪಾ." ನೀನು ಮನೆಗೆ ಬಂದು ಟೀ-ಸ್ಕ್ವೇರನ್ನೂ ಡ್ರಾಫ್ಟರನ್ನೂ ನನ್ನ ಮೇಜಿನ ಮೇಲಿಟ್ಟು, "ತಗೋ ರಬ್ಬರ್, ಇನ್ಮೇಲೆ ನೀನೇ ಇಂಜಿನಿಯರು" ಎಂದೆ. ನನಗೆ ಇಂಜಿನ್ನು ಎಂದರೆ ಏನೂ ಆಸೆಯಿರಲಿಲ್ಲ ಅಣ್ಣ. ಈಗಲೂ ಇಲ್ಲ. ನಾನು ಬಂದದ್ದು ನಿನ್ನ ಸೀಟಿನಲ್ಲಿ ಕೂರಲು, ಮತ್ತು ನಿನ್ನ ಕಾಲಿಗಾಗಿ.

ನಿನ್ನ ಬಲವಿಲ್ಲದ ಎಡಗಾಲಿಗೆ ಕಟ್ಟುತ್ತಿದ್ದ ಹಳೆಯ ಕ್ಯಾಲಿಪರ್ ಚಿಕ್ಕಂದಿನಿಂದ ನನ್ನ ವೈರಿ. ಆಸ್ಪತ್ರೆಯವರು ಕೊಟ್ಟ ಆ ಕಬ್ಬಿಣದ ಕಂಬಿಗೆ ಮಂಡಿಯೇ ಇರಲಿಲ್ಲ. ಕಟ್ಟಿಕೊಂಡರೆ ನಿಲ್ಲಬಹುದಿತ್ತು, ಕೂತರೆ ಎಡಗಾಲು ಅಗುಳಿಯ ಹಾಗೆ ಮುಂದಕ್ಕೆ ಚಾಚಿಕೊಳ್ಳುತ್ತಿತ್ತು. ಬಸ್ಸಿನಲ್ಲಿ ಜನ ಎಡವಿ ನಿನ್ನನ್ನೇ ಬೈಯುತ್ತಿದ್ದರು. ಕೊನೆಗೆ ನೀನು ಅದನ್ನು ಅಟ್ಟಕ್ಕೆ ಎಸೆದು, ಮಂಡಿ ಕುಸಿಯದಂತೆ ಎಡತೊಡೆಯ ಮೇಲೆ ಕೈ ಒತ್ತಿಕೊಂಡು ನಡೆಯುವುದನ್ನೇ ರೂಢಿ ಮಾಡಿಕೊಂಡೆ. ಹಾಗೆ ನಡೆಯಬಹುದು, ಆದರೆ ಬಹಳ ಹೊತ್ತು ನಿಲ್ಲಲಾಗದು. ನಿಲ್ಲಲಾಗದವನಿಗೆ ಶಾಲೆಯವರು ಗಣಿತದ ಮೇಷ್ಟರ ಕೆಲಸ ಕೊಡುವುದಿಲ್ಲ. ಅದಕ್ಕೇ ಮನೆಯ ಜಗಲಿಯಲ್ಲಿ ಕೂತು ಪಾಠ ಹೇಳಿಕೊಂಡು ಉಳಿದೆ.

ಅದಕ್ಕೇ ನಾನು ಬೇರೆ ಪ್ರಾಜೆಕ್ಟ್ ಮುಟ್ಟಲಿಲ್ಲ. ರಜೆಯಲ್ಲಿ ಬಂದಾಗ ದಾರ ಸುತ್ತಿ ನಿನ್ನ ಎಡಗಾಲಿನ ಅಳತೆ ತೆಗೆದದ್ದು ನೆನಪಿದೆಯೇ? ಅಷ್ಟು ಸಣ್ಣ ಕಾಲು! ಕಚಗುಳಿಯೆಂದು ನೀನು ನಕ್ಕು ನಕ್ಕು ಅಮ್ಮನ ಹತ್ತಿರ ಬೈಸಿಕೊಂಡೆ. ನಿಂತರೆ ಟಕ್ಕೆಂದು ತಾನೇ ಬಿಗಿದುಕೊಳ್ಳುವ, ಕೂರುವಾಗ ಗುಂಡಿಯೊತ್ತಿದರೆ ಮಡಿಚಿಕೊಳ್ಳುವ ಮಂಡಿಕೀಲಿನ ಹೊಸ ಕ್ಯಾಲಿಪರ್, ಅದೇ ನಮ್ಮ ಪ್ರಾಜೆಕ್ಟು. ಕಂಬಿ ಒಂದೇ, ಕಾಲಿನ ಹೊರಮಗ್ಗುಲಿಗೆ ಮಾತ್ರ, ಒಳಗಿದ್ದರೆ ಇನ್ನೊಂದು ಕಾಲಿಗೆ ಬಡಿಯುತ್ತದೆಂದು. ಈ ಒಂದು ಡ್ರಾಯಿಂಗನ್ನು ಮಾತ್ರ ನಾನು ನಿನಗೆ ತಿದ್ದಲು ಕಳಿಸಲಿಲ್ಲ. ನೀನು ನೋಡಿದರೆ ಬೆರಗಾಗಬೇಕು ಎಂಬ ಆಸೆ.

ವರ್ಕ್‌ಶಾಪಿನವರು ಅದನ್ನು ಕೈಗೆ ಕೊಟ್ಟದ್ದು ವೈವಾ ದಿನ ಬೆಳಿಗ್ಗೆ. ಪರೀಕ್ಷಕರು ಬಂದು ಕೂತಾಗಿತ್ತು. ನಡೆದು ತೋರಿಸಲೆಂದು ಊರಿನಿಂದ ಬಂದ ನೀನು ಬಸ್ಸಿಳಿದು ಬೆವರೊರೆಸಿಕೊಂಡು, ಅದನ್ನು ಎತ್ತಿಕೊಂಡು ಉಗ್ರಾಣದ ಕೋಣೆಗೆ ಹೋದೆ. ನಾನು ಕಟ್ಟಿಕೊಡುತ್ತೇನೆಂದರೆ, "ಹೊರಗಿರೇ, ಗಂಡಸರ ಕಾಲು ನೋಡೋಕೆ ಬರ್ತಾಳೆ" ಎಂದು ಬಾಗಿಲು ಹಾಕಿಕೊಂಡೆ. ಎಷ್ಟು ಹೊತ್ತಾದರೂ ಬರಲಿಲ್ಲ. ನಮ್ಮ ತಂಡದ ತಾತ, ಅದೇ ಒಂದೊಂದು ತರಗತಿಯಲ್ಲೂ ಎರಡೆರಡು ವರ್ಷ ಕೂತವನು, ಉಗುರು ಕಚ್ಚಿ ಕಚ್ಚಿ ಮುಗಿಸಿದ. ನಾನು ಬಾಗಿಲು ಬಡಿದು, "ಅಣ್ಣಾ, ಎಲ್ಲಾ ಸರಿ ಇದೆ ತಾನೇ? ಇದು ಹೋದ್ರೆ ನಾನೂ ಹೋದೆ ಕಣೋ" ಎಂದೆ. ಒಳಗೆ ಪಟ್ಟಿ ಬಿಚ್ಚಿ ಮತ್ತೆ ಬಿಗಿಯುವ ಸದ್ದು ಕೇಳಿತು. ಆಮೇಲೆ, "ಬಂದೆ ಇರೇ" ಎಂದೆ.

ಬಂದೆ. ಪ್ಯಾಂಟಿನ ಮೇಲೆ ಪಟ್ಟಿಗಳು ಕೊನೆಯ ತೂತಿಗೆ ಬಂದಿದ್ದವು. "ಅಮ್ಮ ಚೆನ್ನಾಗಿ ತಿನ್ನಿಸ್ತಿದಾಳೆ, ದಪ್ಪ ಆಗಿದೀಯ" ಎಂದು ನಾನು ರೇಗಿಸಿದೆ. ನೀನು ಒಂದು ಕೈ ಜೇಬಿನಲ್ಲಿಟ್ಟುಕೊಂಡು ಪರೀಕ್ಷಕರ ಮುಂದೆ ನಡೆದೆ. ಟಕ್ಕೆಂದಿತು. ಕೂತೆ, ಮಡಿಚಿತು. ಅವರಿಗೇನು, "ಇನ್ನೊಂದ್ಸಲ ನಡೀರಿ ನೋಡೋಣ" ಎನ್ನುತ್ತಲೇ ಇದ್ದರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುವುದು ಇದಕ್ಕೇ. ಅಷ್ಟು ಸಲವೂ ನೀನು ನಡೆದೆ. "ನಿಮ್ಮಣ್ಣ ಜೇಬಲ್ಲಿ ಕೈ ಹಾಕ್ಕೊಂಡು ಹೀರೊ ಥರ ನಡೀತಾನಲ್ಲೇ!" ಎಂದು ತಾತ ನನ್ನ ಕಿವಿಯಲ್ಲಿ ಉಸುರಿದ. ನನಗೆ ಎಷ್ಟು ಹೆಮ್ಮೆಯಾಗಿತ್ತೆಂದು ಹೇಗೆ ಬರೆಯಲಿ! ನಾಲ್ಕು ವರ್ಷದಲ್ಲಿ ನಾನು ಸಂತೋಷವಾಗಿದ್ದ ದಿನ ಅದೊಂದೇ.

ಅಲ್ಲಿಂದಾಚೆಗೆ ಎಲ್ಲ ಹಾಳು. ಫಲಿತಾಂಶ ಬರುವ ತನಕ ಅದು ಗಾಜಿನ ಬೀರುವಿನಲ್ಲಿರಲಿ ಎಂದು ವಿಭಾಗದ ಮುಖ್ಯಸ್ಥರು ಇಟ್ಟುಕೊಂಡರು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ನಾನು ಜಗಳಕ್ಕೆ ನಿಂತರೆ ನೀನೇ ಅವರ ಪರ: "ಇಲ್ಲೇ ಇರಲಿ ಬಿಡೇ, ಗಾಜಿನೊಳಗೆ ಚೆನ್ನಾಗಿ ಕಾಣುತ್ತೆ." ಬಸ್ ಹತ್ತಿದವನು ಆಮೇಲೆ ಒಂದು ಸಾಲು ಬರೆಯಲಿಲ್ಲ. ಅಮ್ಮನನ್ನು ಕೇಳಿದರೆ, ಬಸ್ಸಿನಲ್ಲಿ ಯಾರೋ ತುಳಿದು ನಿನ್ನ ಬಲಗಾಲು ಮಂಡಿಯವರೆಗೂ ಕಪ್ಪಗಾಗಿದೆ, ನೀನು ಯಾರೊಂದಿಗೂ ಮಾತಾಡುತ್ತಿಲ್ಲ ಎಂದಳು.

ಮೊನ್ನೆ ಅಮ್ಮ ಇನ್ನೊಂದು ಹೇಳಿದಳು. ಶಾಲೆಯವರು ತಾವಾಗಿ ಮನೆಗೆ ಬಂದು, "ನಿಮ್ಮ ತಂಗಿ ಏನೋ ಮಾಡಿದಾಳಂತಲ್ಲ, ಈಗ ನಿಂತು ಪಾಠ ಮಾಡ್ಬಹುದಲ್ವಾ?" ಎಂದು ಕೇಳಿದರಂತೆ. ನೀನು ಆಗುವುದಿಲ್ಲ ಎಂದೆಯಂತೆ. ಯಾಕೆಂದು ಕೇಳಿದರೆ ಎದ್ದು ಒಳಗೆ ಹೋದೆಯಂತೆ.

ಯಾಕೋ ಅಣ್ಣಾ? ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ನಿನಗೆ ಎರಡೂ ಇದ್ದು ಬಾಯಿ ತೆರೆಯಲು ಸೋಮಾರಿತನವೇ? ಕೋಪದಲ್ಲಿ ಬರೆಯುತ್ತಿದ್ದೇನೆ, ಬರೆದುಬಿಡುತ್ತೇನೆ: ನಿನಗೆ ಹೆದರಿಕೆ. ಕಾಲಿಲ್ಲ ಎಂಬ ನೆಪ ನಿನಗೆ ಒಗ್ಗಿಹೋಗಿದೆ, ಈಗ ಅದನ್ನು ನಾನು ಕಿತ್ತುಕೊಂಡೆ ಎಂದು ನನ್ನ ಮೇಲೆ ಸಿಟ್ಟು. ನನಗೆ ಬೇಡದ ಓದನ್ನು ನಾಲ್ಕು ವರ್ಷ ಓದಿದೆ. ಮಸಿ, ಎಣ್ಣೆ, ಫೇಲು, ಹುಡುಗರ ನಗು ಎಲ್ಲ ನುಂಗಿಕೊಂಡೆ. ಒಂದು ದಿನ ನೀನು ಬೋರ್ಡಿನ ಮುಂದೆ ನಿಲ್ಲಬೇಕು, ಅಷ್ಟೇ ನನಗೆ ಬೇಕಿದ್ದದ್ದು. ನೀನೇ ನಿಲ್ಲುವುದಿಲ್ಲವೆಂದರೆ ನಾನು ಯಾತಕ್ಕೆ ಓದಿದೆ? ರೂಮಿನ ಗೆಳತಿಯರೆಲ್ಲ ಹೋದರು. ಖಾಲಿ ಮಂಚಗಳ ನಡುವೆ ಕೂತು ಇದೊಂದನ್ನೇ ಯೋಚಿಸುತ್ತಿರುತ್ತೇನೆ.

ಸೋಮವಾರ ಬೀರುವಿನ ಬೀಗ ತೆಗೆಸಿ ಅದನ್ನು ನಾನೇ ತರುತ್ತೇನೆ. ನೀನು ಕಟ್ಟಿಕೊಳ್ಳಬೇಕು, ನಾನೇ ನಿನ್ನನ್ನು ಶಾಲೆಗೆ ಕರೆದುಕೊಂಡು ಹೋಗಬೇಕು. ಮಾತಿಗೆ ಮಾತು ಬೆಳೆಸಬೇಡ.

ಅಮ್ಮನಿಗೆ ನಮಸ್ಕಾರ ತಿಳಿಸು, ಕಾಲಿಗೆ ಬಿಸಿನೀರಿನ ಶಾಖ ಕೊಡಿಸಿಕೋ. ಕೋಪ ಎಷ್ಟಿದ್ದರೂ ತಲೆಯ ಮೇಲೆ ನಿನ್ನ ಕೈಯಿರಲಿ.

ನಿನ್ನ ತಂಗಿ,
ರಬ್ಬರ್

ತಾ.ಕ. ಸೋಮವಾರ, ಸಂಜೆ.

ಅಣ್ಣಾ, ಮೇಲಿನದನ್ನು ಅಂಚೆಗೆ ಹಾಕಿರಲಿಲ್ಲ. ಹರಿದುಹಾಕಲು ಹೋಗಿ ಕೈ ತಡೆದೆ. ತಪ್ಪು ಗೆರೆ ಕಣ್ಣ ಮುಂದಿರಲಿ, ಸರಿಯಾದದ್ದನ್ನು ಎಳೆದ ಮೇಲೇ ಅಳಿಸು ಎಂದು ಕಲಿಸಿದವನು ನೀನೇ.

ಮಧ್ಯಾಹ್ನ ಬೀರು ತೆಗೆದುಕೊಟ್ಟರು. ಆ ಟಕ್ಕೆನ್ನುವ ಸದ್ದು ಇನ್ನೊಮ್ಮೆ ಕೇಳುವ ಆಸೆಯಾಗಿ, ಕಾರಿಡಾರಿನ ಬೆಂಚಿನ ಮೇಲೆ ಕೂತು ನನ್ನ ಎಡಗಾಲಿಗೇ ಕಟ್ಟಿಕೊಂಡೆ. ಕಂಬಿ ಒಳಮಗ್ಗುಲಿಗೆ ಬಂತು. ನಿಂತರೆ ಇನ್ನೊಂದು ಮಂಡಿಗೆ ಬಡಿಯಿತು. ತಿರುಗುಮುರುಗು ಕಟ್ಟಿದೆನೇನೋ ಎಂದು ಬಿಚ್ಚಿ ಮತ್ತೆ ಕಟ್ಟಿದೆ, ಮತ್ತೆ ಒಳಕ್ಕೇ ಬಂತು. ಆಮೇಲೆ ಬಲಗಾಲಿಗೆ ಕಟ್ಟಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು.

ವರ್ಕ್‌ಶಾಪಿಗೆ ಓಡಿದೆ. ಅಲ್ಲಿನ ಮೇಷ್ಟ್ರು ನನ್ನ ಡ್ರಾಯಿಂಗನ್ನು ಹುಡುಕಿ ತೆಗೆದು ಮೂಲೆಯ ಮೇಲೆ ಬೆರಳಿಟ್ಟರು. "ಗುರುತೆಲ್ಲಮ್ಮಾ? ನೀನು ಯಾವ ಪದ್ಧತೀಲಿ ಬರೆದಿದೀಯ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ನಾವು ಮಾಡೋ ಪದ್ಧತೀಲಿ ಓದ್ಕೊಂಡು ಮಾಡಿದೆ. ಕೇಳ್ಬೇಕಿತ್ತು, ನಂದೂ ತಪ್ಪೇ." ವಸ್ತುವನ್ನು ಎಡದಿಂದ ನೋಡಿದಾಗ ಕಂಡದ್ದನ್ನು ಹಾಳೆಯಲ್ಲಿ ಎಡಕ್ಕೆ ಬರೆಯುವುದು ಒಂದು ಪದ್ಧತಿ, ಬಲಕ್ಕೆ ಬರೆಯುವುದು ಇನ್ನೊಂದು. ಯಾವುದೆಂದು ಹೇಳುವ ಬೆರಳುಗುರಿನಷ್ಟು ಗುರುತನ್ನು ನಾನು ಹಾಕಿರಲಿಲ್ಲ. ಅದಿಲ್ಲದೆ ನಿನ್ನ ಎಡಗಾಲು ಕನ್ನಡಿಯೊಳಗಿನ ಬಿಂಬದಂತೆ ಬಲಗಾಲಾಗಿ ಬಂದಿದೆ. ಮೊದಲು ಗುರುತು, ಆಮೇಲೆ ಗೆರೆ. ಹೊಸದಾಗಿ ಮಾಡಿಕೊಡಿ ಎಂದು ಬೇಡಿಕೊಂಡೆ. ಕೋರ್ಸ್ ಮುಗಿದವರಿಗೆ ಆಗುವುದಿಲ್ಲವಂತೆ. ಶಾಲೆಯವರು ಬೇರೆಯವರನ್ನು ತೆಗೆದುಕೊಂಡರು ಎಂದು ಅಮ್ಮ ಈಗ ತಾನೇ ಹೇಳಿದಳು.

ಉಗ್ರಾಣದ ಕೋಣೆಯಲ್ಲಿ ಮೊದಲ ನೋಟಕ್ಕೇ ನಿನಗೆ ತಿಳಿದಿತ್ತು. ಹೊರಗಿನಿಂದ ನಾನು, "ಇದು ಹೋದ್ರೆ ನಾನೂ ಹೋದೆ" ಎಂದೆ. ಸಣ್ಣ ಕಾಲಿನ ಅಳತೆಗೆ ಮಾಡಿದ ಪಟ್ಟಿಗಳೊಳಗೆ ನೀನು ನಿನ್ನ ಗಟ್ಟಿ ಬಲಗಾಲನ್ನು ತುರುಕಿದೆ. ನಿನ್ನನ್ನು ಬಸ್ಸಿನಲ್ಲಿ ಯಾರೂ ತುಳಿದಿಲ್ಲ. ಗಟ್ಟಿ ಕಾಲು ಮಡಿಚದಂತೆ ಬಿಗಿದುಕೊಂಡಿತ್ತು, ಬಲವಿಲ್ಲದ ಎಡಗಾಲು ಬರಿದಾಗಿ ನಿನ್ನ ಭಾರ ಹೊತ್ತು ನಡೆಯಿತು. ಜೇಬಿನೊಳಗಿನ ಆ ಕೈ ಉದ್ದಕ್ಕೂ ಎಡತೊಡೆಯನ್ನು ಒತ್ತಿ ಹಿಡಿದಿತ್ತು.

ಹುಟ್ಟಿದಾಗಿನಿಂದ ನಿನ್ನ ಪಕ್ಕದಲ್ಲಿ ನಡೆದವಳು ನಾನು. ನಿನ್ನ ಯಾವ ಕಾಲು ಸಣ್ಣದೆಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಆದರೆ ಅವತ್ತು ನಾನು ಕೀಲನ್ನು ನೋಡುತ್ತಿದ್ದೆ ಅಣ್ಣಾ, ನಿನ್ನನ್ನು ನೋಡಲೇ ಇಲ್ಲ. ಪರೀಕ್ಷಕರು, "ಸಾಕು, ತುಂಬಾ ಚೆನ್ನಾಗಿದೆ" ಎಂದಾಗ ನೀನು ಗೋಡೆಗೆ ಆನಿಕೊಂಡು ನನ್ನ ಕಡೆ ನೋಡಿ ನಕ್ಕೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.